ಗಾಳಿಯ ಮೇಲೆ ದೂರು

ಗಾಳಿ ಜೋರಾಗಿ ಬೀಸಿದರೆ ಲೋಕದ ಜನ ಮನೆಯೊಳಗೆ ಓಡುತ್ತಾರೆ. ಮಫ್ಲರ್ ಮಾಮನ ಮನೆಯವರು ಮಾತ್ರ ಹೊರಗೆ ಓಡುತ್ತಿದ್ದರು. ಹೊರಗಿನ ಗಾಳಿಗಾದರೆ ಒಂದೇ ದಿಕ್ಕು. ಒಳಗಿನ ಗಾಳಿಗೆ ನಾಲ್ಕು ಕಿಟಕಿ, ನಾಲ್ಕು ದಿಕ್ಕು.

ಮಾಮ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮನೆಯೊಳಗೂ ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಯಿತು. ಮನೆ ಅಪ್ಪ ಕಟ್ಟಿಸಿದ್ದು. ಅದರ ಕಿಟಕಿಗಳ ಮರ ಒಣಗಿ ಸೊರಗಿ, ಮುದುಕರ ಹಲ್ಲಿನ ಹಾಗೆ ಒಂದಕ್ಕೊಂದು ಮಾತು ಬಿಟ್ಟು ನಿಂತಿತ್ತು. ಸಂದುಗಳಿಗೆ ತುರುಕಿದ ಹಳೆಯ ಪತ್ರಿಕೆಗಳು ರಾತ್ರಿಯೆಲ್ಲ ಪಟಪಟ ಎಂದು ಸುದ್ದಿ ಓದುತ್ತಿದ್ದವು. ಪರದೆ ನೆಟ್ಟಗೆ ಇಳಿಬಿದ್ದಿರುವುದು ವರ್ಷಕ್ಕೆ ಎರಡೋ ಮೂರೋ ದಿನ. ಉಳಿದ ದಿನ ಅದು ಕೋಣೆಯ ನಡುವೆ ಅಡ್ಡಡ್ಡ ಮಲಗಿರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಆ ಮನೆ ಎರಡಾಗಿತ್ತು. ದೊಡ್ಡ ಬೀದಿಯ ಕಡೆಯ ಮುಂಭಾಗ ಅಣ್ಣನಿಗೆ, ಗಲ್ಲಿಯ ಕಡೆಯ ಹಿಂಭಾಗ ತಮ್ಮನಿಗೆ. ಎಂಟು ಕಿಟಕಿಯಲ್ಲಿ ಅವನಿಗೆ ನಾಲ್ಕು, ಇವನಿಗೆ ನಾಲ್ಕು. ಆಗ ಅಮ್ಮ ಹೇಳಿದ್ದು ಒಂದೇ ಮಾತು.

"ಏನು ಬೇಕಾದ್ರೂ ಹಂಚ್ಕೊಳ್ಳಿ. ನಡುವಿನ ಬಾಗಿಲಿಗೆ ಮಾತ್ರ ಚಿಲಕ ಹಾಕ್ಬೇಡಿ."

ಅಮ್ಮ ಮಲಗುವುದು ದೊಡ್ಡ ಮಗನ ಕಡೆ, ಊಟ ಚಿಕ್ಕ ಮಗನ ಕಡೆ. ಬೆಳಿಗ್ಗೆ ಟೀ ಲೋಟ ಹಿಡಿದು ಆ ಬಾಗಿಲಲ್ಲಿ ನುಸುಳಿ ಬಂದು, ಮಾಮನ ಎದುರಿಗೆ ಕುಳಿತು, ಹಿಂದಿನ ದಿನ ಅವನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡಿ ಮುಗಿಸುತ್ತಿದ್ದಳು. ಅಷ್ಟಾಗದೆ ಮಾಮನಿಗೆ ಬೆಳಗಾಗುತ್ತಿರಲಿಲ್ಲ. ಬಾಗಿಲು ಬಿಟ್ಟು ಬೀದಿಯಿಂದ ಬರಬೇಕೆಂದರೆ ಹನ್ನೊಂದು ಮೆಟ್ಟಿಲು ಇಳಿದು, ಮೂಲೆ ಸುತ್ತಿ, ಒಂಬತ್ತು ಮೆಟ್ಟಿಲು ಹತ್ತಬೇಕು. ಅಮ್ಮನ ಮೊಣಕಾಲು ಮೂರನೆಯ ಮೆಟ್ಟಿಲಿಗೇ ರಾಜೀನಾಮೆ ಬರೆದುಕೊಡುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಕಲ್ಲು ಹಾಕಿದವನು ಕಚೇರಿಯಲ್ಲಿ ಮಾಮನ ಪಕ್ಕದ ಮೇಜಿನವನು. ಅವನು ಮನೆಗೆ ಹೊಸ ಕಿಟಕಿ ಹಾಕಿಸಿದ್ದ. "ಮೇಣದಬತ್ತಿ ಹಚ್ಚಿಟ್ರೆ ಜ್ವಾಲೆ ಚಿತ್ರ ಬರೆದ ಹಾಗೆ ನಿಂತಿರುತ್ತೆ ಮಾರಾಯ್ರೇ," ಎಂದ. ನಂತರ ಮಾಮನ ಕತ್ತಿನ ಕಡೆ ನೋಡಿ, "ನಿಮಗೆ ಹೇಗೋ ಅದು ಅಭ್ಯಾಸ ಆಗಿದೆ ಬಿಡಿ," ಎಂದ.

ಅದೇ ಸಂಜೆ ಮಾಮ ಅಣ್ಣನ ಮುಂದೆ ನಿಂತಿದ್ದ.

"ಅಣ್ಣಾ, ಎಂಟೂ ಕಿಟಕಿ ಒಟ್ಟಿಗೇ ಹೊಸದು ಹಾಕಿಸೋಣ್ವಾ?"

ಅಣ್ಣ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನಿವೃತ್ತರಾದರೂ ಎದೆ ಇನ್ನೂ ನೌಕರಿಯಲ್ಲೇ ಇತ್ತು. ಅದನ್ನು ಉಬ್ಬಿಸಿ ಹೇಳಿದರು: "ಕಿಟಕಿ ಇರೋದೇ ಗಾಳಿ ಬರ್ಲಿ ಅಂತ ಕಣೋ. ಬರ್ಬಾರ್ದು ಅಂದ್ರೆ ಅದಕ್ಕೆ ಗೋಡೆ ಅಂತಾರೆ. ಮೂವತ್ತು ವರ್ಷ ಹುಡುಗರಿಗೆ ಉಸಿರು ಎಳ್ಕೊಳ್ಳೋದು ಕಲ್ಸಿದ್ದೀನಿ ನಾನು. ನನ್ನನ್ನ ಗಾಜಿನ ಪೆಟ್ಟಿಗೇಲಿ ಕೂರಿಸ್ತೀಯಾ?"

"ಹಾಗಾದ್ರೆ ನಾನೊಬ್ನೇ ಹಾಕಿಸ್ತೀನಿ."

"ಹಾಕಿಸ್ಕೋ. ಉಪ್ಪಿನಕಾಯಿ ಜಾಡಿ ಹಾಗೆ ಬಾಯಿ ಕಟ್ಕೊಂಡು ಕೂತ್ಕೋ."

ಕಿಟಕಿಯವನು ಬಂದ. ಕಿವಿಯ ಸಂದಿನಲ್ಲಿ ಪೆನ್ಸಿಲು, ಬಾಯಿಯಲ್ಲಿ ಭರವಸೆ. ಅಲ್ಯೂಮಿನಿಯಂ ಚೌಕಟ್ಟು, ಎರಡು ಪದರ ಗಾಜು, ಸುತ್ತಲೂ ರಬ್ಬರ್ ಪಟ್ಟಿ. ಸೊಳ್ಳೆ ಸೀನಿದರೂ ಒಳಗೆ ಕೇಳಿಸುವುದಿಲ್ಲ ಎಂದ. ಕಡೆಗೆ ಒಂದು ಪ್ರಶ್ನೆ ಹಾಕಿದ.

"ತೆಗೆಯೋ ಕಿಟಕಿ ಬೇಕಾ ಸಾರ್, ತೆಗೆಯಕ್ಕಾಗದ ಕಿಟಕಿ ಬೇಕಾ?"

"ತೆಗೆಯೋದ್ರಲ್ಲಿ ಗಾಳಿ ಬರುತ್ತಾ?"

"ತೆಗೆದ್ರೆ ಬರುತ್ತೆ."

ಮಾಮ ಆ ಉತ್ತರವನ್ನು ತೂಗಿ ನೋಡಿದ. ಕಚೇರಿಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದುದು ಇದೇ ಕೆಲಸ: ಯಾವುದನ್ನು ತೆರೆದರೆ ತೊಂದರೆಯೋ ಅದನ್ನು ತೆರೆಯದಂತೆ ಕಟ್ಟಿಡುವುದು.

"ತೆಗೆಯಕ್ಕಾಗದ್ದೇ ಹಾಕಿ. ನಾಲ್ಕೂ."

"ರೀ, ಒಂದಾದ್ರೂ ತೆಗೆಯೋದು ಇರ್ಲಿ," ಎಂದಳು ಹೆಂಡತಿ ಅಡುಗೆಮನೆಯಿಂದ. "ಹೊಗೆ ಎಲ್ಲಿಗೆ ಹೋಗ್ಬೇಕು?"

"ಹೊಗೆಗೆ ಫ್ಯಾನ್ ಇದೆಯಲ್ಲಮ್ಮಾ. ಎಳೆದು ಹೊರಗೆ ಎಸೆಯುತ್ತೆ," ಎಂದ ಕಿಟಕಿಯವನು. ಅವನ ಭಾವಮೈದ ಮಾರುತ್ತಿದ್ದುದು ಅಂಥ ಫ್ಯಾನುಗಳನ್ನೇ. ಮಾಮ ಅದನ್ನೂ ಹಾಕಿಸಿದ.

ಕೆಲಸ ಮುಗಿದ ಭಾನುವಾರ ಮಾಮ ಬೀದಿಯವರನ್ನು ಕರೆದ. ಎದುರುಮನೆಯ ನಿವೃತ್ತ ಕಂಡಕ್ಟರ್ ಬಂದರು, ಮೂಲೆಮನೆಯ ಟೈಲರಮ್ಮ ಬಂದಳು. ಮಾಮ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಜ್ವಾಲೆ ನಿಂತಿತ್ತು. ಎಲ್ಲರೂ ಕುಳಿತು ನೋಡಿದರು.

"ನಿಂತಿದೆ," ಎಂದರು ಕಂಡಕ್ಟರ್, ಸ್ವಲ್ಪ ಹೊತ್ತಾದ ಮೇಲೆ.

"ಹೂಂ, ನಿಂತಿದೆ," ಎಂದಳು ಟೈಲರಮ್ಮ. "ಇನ್ನೂ ಎಷ್ಟು ಹೊತ್ತು ನೋಡ್ಬೇಕು?"

"ಎಷ್ಟು ಹೊತ್ತು ನೋಡಿದ್ರೂ ಅಲ್ಲಾಡಲ್ಲ! ಅದೇ ವಿಶೇಷ!"

"ಅಲ್ಲಾಡದೆ ಇರೋದು ನೋಡ್ಬೇಕು ಅಂದ್ರೆ ನಮ್ಮನೆಯವ್ರು ಮಲಗಿದ್ದಾರೆ, ಅಲ್ಲೇ ನೋಡ್ತಿದ್ದೆ."

ಹೆಂಡತಿ ಟೀ ಮಾಡಲು ಒಳಗೆ ಹೋಗಿ ಫ್ಯಾನ್ ಹಾಕಿದಳು. ಅದೇ ಕ್ಷಣ ನಡುವಿನ ಬಾಗಿಲು ಕುಯ್ಯೆಂದು ಸಿಳ್ಳೆ ಹಾಕಿತು. ಮರುಕ್ಷಣ ಅದು ದಡಾರನೆ ತೆರೆದು ಅಣ್ಣ ಕಾಣಿಸಿಕೊಂಡರು. ಬತ್ತಿ ಆರಿತು.

"ಅಣ್ಣಾ, ಬಾಗಿಲು ಹಾಕು!" ಎಂದು ಮಾಮ ಕೂಗಿದ.

ಅವನ ಲಕ್ಷ್ಯ ಬತ್ತಿಯ ಮೇಲಿತ್ತು. ಆದರೆ ಬೀದಿಯವರ ಎದುರಿಗೆ ತಮ್ಮ ಅಣ್ಣನಿಗೆ ಬಾಗಿಲು ಹಾಕು ಎಂದದ್ದು ಎಲ್ಲರ ಕಿವಿಗೂ ಬಿತ್ತು.

"ನನಗಾ? ನನಗೆ ಬಾಗಿಲು ಹಾಕು ಅಂತೀಯಾ?" ಮಾಸ್ತರ ಎದೆ ಒಂದಂಗುಲ ಮುಂದೆ ಬಂತು. "ಹಾಕ್ತೀನಿ. ಮೊದ್ಲು ನಿನ್ನ ಗಾಳಿನ ವಾಪಸ್ ಕರ್ಕೋ."

"ನನ್ನ ಗಾಳಿ?"

"ಮತ್ತೆ ಯಾರದ್ದು? ಎಂಟು ಕಿಟಕೀಲಿ ಹಂಚ್ಕೊಂಡು ಬರ್ತಿದ್ದ ಗಾಳಿ ಕಣೋ ಅದು. ನೀನು ನಾಲ್ಕು ಮುಚ್ಚಿದೆ. ಈಗ ನಿನ್ನ ಪಾಲಿಂದೂ ಸೇರಿ ನನ್ನ ನಾಲ್ಕರಲ್ಲೇ ನುಗ್ತಿದೆ! ನಿಮ್ಮತ್ತಿಗೆ ಇವತ್ತು ಬೆಳಿಗ್ಗೆ ತಲೆ ಬಾಚ್ಕೊಳ್ಳೋಕೆ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡ್ಳು!"

ಕಂಡಕ್ಟರ್ ನಕ್ಕರು. ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾಮ ನಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನೂ ನಕ್ಕ. ಸಾಲದೆಂದು, "ಹಂಚಿಕೆ ಪತ್ರದಲ್ಲಿ ಗಾಳಿ ಬರೆದಿಲ್ಲ ಅಣ್ಣಾ," ಎಂದ.

"ಬರೆಸ್ತೀನಿ," ಎಂದು ಮಾಸ್ತರು ಬಾಗಿಲು ಹಾಕಿಕೊಂಡು ಹೋದರು.

ಮರುದಿನ ಅವರು ವಾರ್ಡ್ ಕಚೇರಿಗೆ ಹೋಗಿ, ತಮ್ಮನ ಗಾಳಿ ತಮ್ಮ ಮನೆಗೆ ನುಗ್ಗಿ ಉಪದ್ರವ ಕೊಡುತ್ತಿದೆ ಎಂದು ದೂರು ಬರೆದುಕೊಟ್ಟರು. ದೂರಿನ ಪುಸ್ತಕದಲ್ಲಿ ನೀರು, ಮೋರಿ, ಗೋಡೆ, ಬೀದಿದೀಪ, ಬೀಡಾಡಿ ಪ್ರಾಣಿ ಎಂದು ಐದು ವಿಭಾಗಗಳಿದ್ದವು, ಗಾಳಿಗೆ ಜಾಗವಿರಲಿಲ್ಲ. ಅಲ್ಲಿನ ಗುಮಾಸ್ತೆ ಕರ್ತವ್ಯನಿಷ್ಠೆಯವಳು. ಗಾಳಿ ಗೋಡೆಯ ಹಾಗೆ ಒಂದೆಡೆ ನಿಲ್ಲುವುದಿಲ್ಲ, ನೀರಿನ ಹಾಗೆ ಕೊಳಾಯಿಯಲ್ಲಿ ಬರುವುದಿಲ್ಲ, ಹೇಳದೆ ಕೇಳದೆ ಕಂಡವರ ಮನೆಗೆ ನುಗ್ಗುತ್ತದೆ ಎಂದು ಯೋಚಿಸಿ, ಐದನೆಯ ವಿಭಾಗಕ್ಕೆ ಸೇರಿಸಿದಳು.

ಹಾಗಾಗಿ ಬುಧವಾರ ಮಾಸ್ತರ ಮನೆಗೆ ತನಿಖೆಗೆ ಬಂದದ್ದು ಬೀದಿನಾಯಿ ಹಿಡಿಸುವ ಇನ್ಸ್‌ಪೆಕ್ಟರ್. ಕಂಕುಳಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಬಲೆ, ಕೈಯಲ್ಲಿ ಮುದ್ರಿತ ಫಾರಂ. ಬೀದಿಯೆಲ್ಲ ಅವರ ಹಿಂದೆಯೇ ಒಳಗೆ ಬಂತು. ಮಾಮನನ್ನೂ ಕರೆಸಿದರು.

ಇನ್ಸ್‌ಪೆಕ್ಟರ್ ಕುರ್ಚಿಯ ತುದಿಯಲ್ಲಿ ಕುಳಿತು ಫಾರಂ ತೆರೆದರು. "ಎಷ್ಟು ದಿನದಿಂದ ಬರ್ತಿದೆ?"

"ನಾಲ್ಕು ದಿನ ಆಯ್ತು," ಎಂದರು ಮಾಸ್ತರು.

"ಹಗಲೋ, ರಾತ್ರಿನೋ?"

"ಅಡುಗೆ ಹೊತ್ತಲ್ಲಿ ಜಾಸ್ತಿ."

"ಹಸಿವು," ಎಂದು ಇನ್ಸ್‌ಪೆಕ್ಟರ್ ಬರೆದುಕೊಂಡರು. "ಯಾರಿಗಾದ್ರೂ ಕಚ್ಚಿದೆಯಾ?"

"ಚಳಿ ಕಚ್ಚುತ್ತೆ."

"ಕಚ್ಚಿದೆ. ಬಣ್ಣ?" ಅವರೇ ಸ್ವಲ್ಪ ಯೋಚಿಸಿ ಅಡ್ಡಗೆರೆ ಎಳೆದರು. "ಯಜಮಾನ ಇದ್ದಾನಾ, ಬೀಡಾಡಿಯಾ?"

"ಇದ್ದಾನೆ. ಅಗೋ, ಮಫ್ಲರ್ ಸುತ್ಕೊಂಡು ನಿಂತಿದ್ದಾನೆ ನೋಡಿ."

"ನನ್ನದಲ್ಲ ಸಾರ್!" ಎಂದ ಮಾಮ. "ನಾನು ಸಾಕಿದ್ದಲ್ಲ!"

"ಎಲ್ಲರೂ ಹೀಗೇ ಹೇಳ್ತಾರೆ," ಎಂದು ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟರು. "ಅನ್ನ ಹಾಕೋವರೆಗೂ ನಮ್ಮದು, ಕಚ್ಚಿದ ಮೇಲೆ ಬೀದೀದು. ಎಲ್ಲಿ, ಪ್ರಾಣಿ ತೋರಿಸಿ."

ಆ ದಿನವೇ ಹೊರಗೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮಾಸ್ತರ ಪರದೆಗಳು ಸಾಧುಗಳ ಹಾಗೆ ನೇತುಬಿದ್ದಿದ್ದವು. ಮಾಸ್ತರು ಕಿಟಕಿಯಿಂದ ಕಿಟಕಿಗೆ ಓಡಿ ಗಾಳಿಯನ್ನು ಕರೆಯುವುದೊಂದು ಬಾಕಿ. ಕಾದೂ ಕಾದೂ ಇನ್ಸ್‌ಪೆಕ್ಟರ್ ಬಾಯಿ ಒಣಗಿ ನೀರು ಕೇಳಿದರು. "ನೀರೇನು, ಟೀನೇ ಮಾಡ್ತೀನಿ," ಎಂದು ಮಾಮನ ಹೆಂಡತಿ ತನ್ನ ಕಡೆಗೆ ಹೋಗಿ, ನಡುವಿನ ಬಾಗಿಲು ಎಳೆದುಕೊಂಡು, ಫ್ಯಾನ್ ಹಾಕಿದಳು.

ಪರದೆಗಳು ಎದ್ದು ನಿಂತವು. ಇನ್ಸ್‌ಪೆಕ್ಟರ್ ತೊಡೆಯ ಮೇಲಿದ್ದ ಫಾರಂ ಹಾರಿತು, ನೆಲಕ್ಕೆ ಬಿತ್ತು, ಸರಸರನೆ ಹರಿದು ನಡುವಿನ ಬಾಗಿಲಿನ ಕೆಳಸಂದಿನಲ್ಲಿ ನುಸುಳಿ ಕಣ್ಮರೆಯಾಯಿತು.

"ಬಂತು!" ಎಂದು ಇನ್ಸ್‌ಪೆಕ್ಟರ್ ಕೋಲು ಎತ್ತಿಕೊಂಡು ನೆಗೆದರು. ವೃತ್ತಿಯ ಅಭ್ಯಾಸ, ನಾಲ್ಕು ಕಾಲಲ್ಲಿ ನೆಲಕ್ಕೆ ಬಗ್ಗಿ, ಬಾಗಿಲ ಬುಡದ ಹತ್ತಿರ ಮುಖ ಇಟ್ಟರು. "ಇಲ್ಲೇ ನುಸುಳ್ತಿದೆ. ಈ ಕಡೆಯಿಂದ ಆ ಕಡೆಗೆ."

"ನೋಡಿದ್ರಾ?" ಎಂದ ಮಾಮ. "ಅಣ್ಣನ ಗಾಳಿನೇ ನಮ್ಮನೆಗೆ ನುಗ್ತಿರೋದು! ನಂದೂ ಒಂದು ದೂರು ಬರ್ಕೊಳ್ಳಿ!"

"ನನ್ನ ಗಾಳಿ ಕದ್ದು ನನ್ನ ಮೇಲೇ ದೂರಾ?" ಎಂದರು ಮಾಸ್ತರು.

ಒಳಗಿನಿಂದ ಫಾರಂ ಹಿಡಿದು ಬಂದ ಹೆಂಡತಿ, "ರೀ, ನಾನು ಫ್ಯಾನ್ ಹಾಕಿದಾಗಲೇ..." ಎಂದಳು.

"ನೀನು ಸುಮ್ನಿರು. ಸರ್ಕಾರಿ ಕೆಲಸ ನಡೀತಿದೆ."

ಬರುವುದೋ ಹೋಗುವುದೋ ಇಲಾಖೆಗೆ ಮುಖ್ಯವಲ್ಲ ಎಂದರು ಇನ್ಸ್‌ಪೆಕ್ಟರ್. ಫಾರಂನ ಕೊನೆಯಲ್ಲಿ ಪರಿಹಾರ ಅಚ್ಚಾಗಿಯೇ ಇತ್ತು: ಪ್ರಾಣಿ ನುಸುಳುವ ದಾರಿಯನ್ನು ಮೂರು ದಿನದೊಳಗೆ ಶಾಶ್ವತವಾಗಿ ಮುಚ್ಚತಕ್ಕದ್ದು. ಅದರ ಕೆಳಗೆ "ನಡುವಿನ ಬಾಗಿಲು" ಎಂದು ತುಂಬಿ, ಇಬ್ಬರಿಂದಲೂ ರುಜು ಹಾಕಿಸಿಕೊಂಡರು. ಒಬ್ಬ ಹಾಕಿದ ಮೇಲೆ ಇನ್ನೊಬ್ಬ ಹಾಕದಿದ್ದರೆ ಹೇಗೆ?

ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಲೋಟ ಹಿಡಿದು ಬಂದು ಕುಳಿತಳು. ಮಾಮ ತಲೆ ಎತ್ತಲಿಲ್ಲ.

"ಇನ್ನೆರಡು ದಿನ ಬೈತೀನಿ," ಎಂದಳು ಅಮ್ಮ. "ಆಮೇಲೆ ಬೈಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ."

"ಅಮ್ಮಾ, ಅಣ್ಣ ಬಂದು ಒಂದು ಮಾತು ಹೇಳಿದ್ರೆ ನಾನೂ ಬಿಟ್ಬಿಡ್ತೀನಿ."

"ಅವನೂ ಹಾಗೇ ಅಂದ. ಇಬ್ರೂ ಎರಡನೆಯವರಾಗೋಕೆ ತಯಾರಿದ್ದೀರ. ಮೊದಲನೆಯವನನ್ನ ನಾನು ಎಲ್ಲಿಂದ ಹೆತ್ತು ತರ್ಲಿ?"

ಮೂರನೆಯ ದಿನ ಗಾರೆಯವನು ಇಟ್ಟಿಗೆ ಸಮೇತ ಬಂದ. ಬಂದರೆ, ಹೊಸ್ತಿಲ ಮೇಲೆ ಅಮ್ಮ ಸ್ಟೂಲ್ ಹಾಕಿಕೊಂಡು ಕುಳಿತಿದ್ದಾಳೆ. ತಟ್ಟೆ ತಮ್ಮನ ಕಡೆ, ನೀರಿನ ಚೆಂಬು ಅಣ್ಣನ ಕಡೆ.

ಗಾರೆಯವನು ತಲೆ ಕೆರೆದುಕೊಂಡ. "ಅಜ್ಜಿ ಯಾವ ಕಡೆಗೆ ಸ್ವಾಮಿ?"

ಅಣ್ಣ ಸೂರು ನೋಡಿದರು. ತಮ್ಮ ನೆಲ ನೋಡಿದ.

"ನಾನು ಊಟ ಮಾಡ್ತಿದ್ದೀನಿ. ನೀನು ಸುತ್ತ ಕಟ್ಕೊಂಡು ಹೋಗಪ್ಪ," ಎಂದಳು ಅಮ್ಮ.

ಗಾರೆಯವನು ಒಳ್ಳೆಯವನು. ಅಜ್ಜಿಯನ್ನು ಸ್ಟೂಲ್ ಸಮೇತ ಮೆಲ್ಲಗೆ ಎತ್ತಿ, ಮಂಚ ಇರುವ ಕಡೆಗೇ ಇರಲಿ ಎಂದು ಅಣ್ಣನ ಭಾಗದಲ್ಲಿ ಇಳಿಸಿದ. ಧೂಳು ಹಾರಬಾರದೆಂದು ಬಾಗಿಲ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆದು, ಸುತ್ತಲೂ ಅಂಟುಪಟ್ಟಿ ಹಚ್ಚಿದ. ಅಮ್ಮ ಆ ಕಡೆ ಉಳಿದಳು. ಅರ್ಧ ಉಂಡ ತಟ್ಟೆ ಈ ಕಡೆ ಉಳಿಯಿತು.

ಮಾಮ ಆ ತಟ್ಟೆಯನ್ನೇ ನೋಡುತ್ತ ನಿಂತ. ಹೆಂಡತಿ ಅವನನ್ನು ನೋಡಿದಳು. ಅಡುಗೆಮನೆಗೆ ಹೋಗಿ, ಬಾಣಲೆ ಇಟ್ಟು, ಒಂದು ಬೊಗಸೆ ಒಣಮೆಣಸಿನಕಾಯಿ ಹಾಕಿ, ಫ್ಯಾನ್ ಒತ್ತಿದಳು. ಕೆಲವು ಹೆಂಗಸರು ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಾರೆ. ಇವಳು ಮೆಣಸಿನಕಾಯಿ ಹುರಿಯುವ ಜಾತಿ.

ಫ್ಯಾನ್ ಎಳೆಯಿತು. ಎಳೆಯಲು ಮನೆಯಲ್ಲಿ ಗಾಳಿ ಇದ್ದರಲ್ಲವೇ? ಪ್ಲಾಸ್ಟಿಕ್ ಹಾಳೆ ದಿನ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಒಳಕ್ಕೆ ಉಬ್ಬಿತು. ಬಚ್ಚಲ ತೂತು ಗುಳುಗುಳು ಎಂದು ಎರಡು ಗುಟುಕು ನುಂಗಿ, ಗಲ್ಲಿಯ ಮೋರಿಯ ವಾಸನೆಯನ್ನೆಲ್ಲ ಒಮ್ಮೆಲೇ ಕಕ್ಕಿತು. ಹೊರಗೆ ಹೋಗಲಾರದ ಮೆಣಸಿನ ಘಾಟು ಮನೆ ಸುತ್ತಿ ನೋಡಿ, ಮಾಮನ ಮೂಗನ್ನು ಆರಿಸಿಕೊಂಡಿತು.

ಮಾಮ ಕೆಮ್ಮುತ್ತ ಕಿಟಕಿಗೆ ಓಡಿದ. ಅದು ತೆಗೆಯಕ್ಕಾಗದ ಕಿಟಕಿ. ಇನ್ನೊಂದಕ್ಕೆ ಓಡಿದ, ಅದೂ ಅದರ ತಮ್ಮನೇ. ಗಾಜಿಗೆ ಎರಡೂ ಕೈಯಿಂದ ಬಡಿದು, "ಕಂಡಕ್ಟ್ರೇ! ಸತ್ತೆ!" ಎಂದು ಕೂಗಿದ. ಹೊರಗೆ ಗಲ್ಲಿಯಲ್ಲಿ ನಿಂತಿದ್ದ ಕಂಡಕ್ಟರ್ ಅವನನ್ನು ನೋಡಿ, ಮುಗುಳ್ನಕ್ಕು, ಮೆಚ್ಚಿಕೊಂಡವರ ಹಾಗೆ ತಲೆದೂಗಿ ಕೈ ಬೀಸಿದರು. ಟೈಲರಮ್ಮನಿಗೆ ಅವರು, "ಎಷ್ಟು ಕಿರುಚಿದ್ರೂ ಒಂದು ಚೂರು ಶಬ್ದ ಹೊರಗೆ ಬರಲ್ಲ ಅಂತ ತೋರಿಸ್ತಿದ್ದಾನೆ," ಎಂದು ವಿವರಿಸಿದರಂತೆ; ಇದು ಆಮೇಲೆ ತಿಳಿದದ್ದು. ಟೈಲರಮ್ಮ ಚಪ್ಪಾಳೆ ತಟ್ಟಿದ್ದು ಮಾತ್ರ ಮಾಮನಿಗೆ ಆಗಲೇ ಕಂಡಿತು.

ಗಲ್ಲಿಯ ಕಡೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಫ್ಯಾನ್ ಅದನ್ನು ಒಳಕ್ಕೆ ಜಗ್ಗಿ ಹಿಡಿದಿತ್ತು. ಫ್ಯಾನ್ ಆರಿಸಿದರೆ ಸಾಕು ಎಂದು ಹೊಳೆಯಲು ತಲೆಗೆ ಸ್ವಲ್ಪ ಗಾಳಿ ಬೇಕು. ಅದು ಮಾಮನ ಮನೆಯಲ್ಲಿ ಎಲ್ಲೂ ಇರಲಿಲ್ಲ. ಅವನು ಪ್ಲಾಸ್ಟಿಕ್ ಹಾಳೆಗೆ ಮುಖ ಒತ್ತಿ ನಿಂತ.

"ಅಣ್ಣಾ!"

ಆ ಕಡೆಯಿಂದ ಮಸುಕಾಗಿ ಒಂದು ಎದೆ ಕಾಣಿಸಿತು. "ಏನು?"

"ಗಾಳಿ! ಗಾಳಿ ಬೇಕು!"

"ಯಾರ ಗಾಳಿ?"

"ಅಯ್ಯೋ, ಯಾವುದೋ ಒಂದು!"

"ಸರಿಯಾಗಿ ಹೇಳು. ಯಾರ ಗಾಳಿ?"

"ನಿಂದೇ! ನಿನ್ನ ಗಾಳಿನೇ ಕಣಣ್ಣಾ! ನಾನೇ ಎಳ್ಕೊಳ್ತಿದ್ದಿದ್ದು! ನಂದೇ ತಪ್ಪು, ನಾನೇ ಮೊದ್ಲು ಹೇಳ್ತಿದ್ದೀನಿ! ಅಮ್ಮನ ತಟ್ಟೆ ಇಲ್ಲೇ ಇದೆ ಅಣ್ಣಾ..."

ಪರ್ರನೆ ಸದ್ದಾಯಿತು. ಮಾಸ್ತರು ಪ್ಲಾಸ್ಟಿಕ್ಕನ್ನು ತಲೆಯಿಂದ ಬುಡದವರೆಗೆ ಸೀಳಿದ್ದರು. "ನಂದು! ಅದು ನಂದು ಹಾಳೆ!" ಎಂದು ಗಾರೆಯವನು ಅತ್ತುಕೊಂಡದ್ದು ಯಾರಿಗೂ ಕೇಳಿಸಲಿಲ್ಲ. ಮಾಸ್ತರು ತಮ್ಮನ ಎರಡೂ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿ, "ಎಳ್ಕೋ! ಒಂದು! ಬಿಡು! ಎರಡು! ಹೊಟ್ಟೆ ಒಳಗೆ!" ಎಂದು ಆಜ್ಞೆ ಕೊಡಲು ಶುರುಮಾಡಿದರು. ಮಾಮ ಎಳೆದ, ಬಿಟ್ಟ. ಅವರಿಬ್ಬರ ನಡುವೆ ಬಗ್ಗಿ ದಾಟಿಕೊಂಡು ಅಮ್ಮ ಈ ಕಡೆ ಬಂದು, ತಟ್ಟೆ ಎತ್ತಿಕೊಂಡು, "ಆರಿಹೋಗಿದೆ. ಬಿಸಿ ಬಡಿಸಮ್ಮ," ಎಂದು ಸೊಸೆಗೆ ಹೇಳಿದಳು. ಸೊಸೆ ಆಗಲೇ ಫ್ಯಾನ್ ಆರಿಸಿದ್ದಳು.

ಇಷ್ಟಾದ ಮೇಲೆ ಗಾಳಿಯೇನೂ ಬದಲಾಗಲಿಲ್ಲ. ಮಾಮನ ಹೆಂಡತಿ ಫ್ಯಾನ್ ಹಾಕಿದಾಗಲೆಲ್ಲ ಅದು ಮಾಸ್ತರ ನಾಲ್ಕು ಕಿಟಕಿಯಲ್ಲಿ ನುಗ್ಗಿ, ಪರದೆಗಳನ್ನು ಎಬ್ಬಿಸಿ, ಹಿಂದಿನ ಭಾಗಕ್ಕೆ ಹರಿಯುತ್ತಿತ್ತು. ನಿನ್ನೆಯವರೆಗೆ ಅದು ಒತ್ತುವರಿ, ಈಗ ದಾನ. ಮಾಸ್ತರು ಬೀದಿಯಲ್ಲಿ ನಿಂತು, "ತಮ್ಮನ ಮನೆ ನಡೀತಿರೋದೇ ನನ್ನ ಗಾಳಿ ಮೇಲೆ," ಎಂದು ಹೇಳಿಕೊಂಡು ತಿರುಗಿದರು. ಅಡುಗೆಯ ಹೊತ್ತಿಗೆ ಸರಿಯಾಗಿ ತಾವೇ ಕಿಟಕಿಗಳನ್ನು ಹಾರು ಹೊಡೆದು, "ಸಾಕೇನೋ?" ಎಂದು ಕೂಗುತ್ತಿದ್ದರು. ಸಿಳ್ಳೆ ಹಾಕುವ ಬಾಗಿಲ ರೆಕ್ಕೆ ಇದ್ದರೆ ತಾನೇ ಕಿರಿಕಿರಿ ಎಂದು, ಇಟ್ಟಿಗೆ ತಂದಿದ್ದ ಗಾರೆಯವನ ಕೈಯಲ್ಲೇ ಅದರ ಕೀಲುಗಳನ್ನು ಬಿಚ್ಚಿಸಿ ಅಟ್ಟದ ಮೇಲೆ ಹಾಕಿಸಿದರು.

ಗಡುವು ಮುಗಿದು ನಾಲ್ಕನೆಯ ದಿನ ಗಲ್ಲಿಯ ಕಡೆಯ ಮೆಟ್ಟಿಲು ಹತ್ತಿಕೊಂಡು ಇನ್ಸ್‌ಪೆಕ್ಟರ್ ಬಂದರು. ಕೋಲು, ಬಲೆ, ಫಾರಂ.

"ಬಾಗಿಲು ಮುಚ್ಚಿದ್ರಾ?"

ಮಾಮ ಅಣ್ಣನ ಮುಖ ನೋಡಿದ, ಅಣ್ಣ ತಮ್ಮನ ಮುಖ ನೋಡಿದರು. ಸರ್ಕಾರಕ್ಕೆ ರುಜು ಹಾಕಿ ಕೊಟ್ಟವರು ಇಬ್ಬರೂ.

"ಯಾವ ಬಾಗಿಲಪ್ಪ?" ಎಂದಳು ಅಮ್ಮ, ಲೋಟ ಕೆಳಗಿಟ್ಟು.

"ನಡುವಿನ ಬಾಗಿಲಮ್ಮ. ಆದೇಶ ಇದೆ."

"ನಡುವೆ ಬಾಗಿಲೇ ಇಲ್ವಲ್ಲ. ಬೇಕಿದ್ರೆ ನೋಡು."

ಇನ್ಸ್‌ಪೆಕ್ಟರ್ ಹೋಗಿ ನೋಡಿದರು. ಚೌಕಟ್ಟಿನ ಎಡಗಡೆ ಕೈಯಾಡಿಸಿದರು, ಬಲಗಡೆ ಆಡಿಸಿದರು. ಹಿಂದೆ ಬಗ್ಗಿದ ಜಾಗದಲ್ಲಿ ಮತ್ತೆ ಬಗ್ಗಿದರು. ಸಂದು ಇರಲಿಲ್ಲ, ಸಂದು ಇರಲು ಬಾಗಿಲು ಇರಬೇಕು. ಫಾರಂನಲ್ಲಿ "ಮುಚ್ಚಿದೆ", "ತೆರೆದಿದೆ" ಎಂಬ ಎರಡೇ ಚೌಕಗಳಿದ್ದವು. ಅವರು ತುಂಬಾ ಹೊತ್ತು ಪೆನ್ನು ಕಚ್ಚಿದರು. ಕೊನೆಗೆ ಓದಿಕೊಳ್ಳುತ್ತ ಬರೆದರು: "ಸ್ಥಳದಲ್ಲಿ ಬಾಗಿಲು ಕಂಡುಬಂದಿಲ್ಲ. ಆದ್ದರಿಂದ ತೆರೆದಿರುವ ಪ್ರಶ್ನೆ ಉದ್ಭವಿಸುವುದಿಲ್ಲ. ಕಡತ ಮುಕ್ತಾಯ."

ಎಲ್ಲರೂ ಉಸಿರು ಬಿಟ್ಟರು. ಅಣ್ಣ "ಬಿಡು! ಎರಡು!" ಎಂದರೋ ಎಂಬ ಹಾಗೆ.

ಇನ್ಸ್‌ಪೆಕ್ಟರ್ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಲ್ಲಿಯ ಮೆಟ್ಟಿಲ ಕಡೆ ತಿರುಗಿದರು. ದೊಡ್ಡ ಬೀದಿಯಲ್ಲಿ ಇನ್ನೊಂದು ದೂರಿದೆ, ಹೋಗಬೇಕು ಎಂದರು.

"ದೊಡ್ಡ ಬೀದಿಗಾ?" ಎಂದಳು ಅಮ್ಮ. "ಈ ಬಿಸಿಲಲ್ಲಿ ಮೂಲೆ ಸುತ್ತಿ ಯಾಕೆ ಹೋಗ್ತೀಯಪ್ಪ? ಹೀಗೆ ಬಾ, ಹತ್ತಿರ."

ಅಮ್ಮ ಮುಂದೆ ನಡೆದಳು. ಇನ್ಸ್‌ಪೆಕ್ಟರ್ ಒಂದು ಕ್ಷಣ ನಿಂತು, ಬಲೆ ಚೌಕಟ್ಟಿಗೆ ತಗುಲದಂತೆ ಹಿಡಿದುಕೊಂಡು, ತಲೆ ತಗ್ಗಿಸಿ, ಅವಳ ಹಿಂದೆಯೇ ದಾಟಿ ಹೋದರು.